ಹಗುರ ರೈಫಲ್‌ಗೆ ಯಾವ ಕಾರ್ಟ್ರಿಜ್ ಒಳ್ಳೆಯದು?

ಗಂಗಾವತಿಯಿಂದ ಕೆನಡಾಕ್ಕೆ ಹೋದ ನಿಮ್ಮ ಅಳಿಯ ಮೂಸ್ (ಭಾರಿ ಗಾತ್ರದ ಜಿಂಕೆ) ಬೇಟೆಗೆ 3 ಕೆಜಿಯ ರೈಫಲ್ ನೋಡ್ತಿದ್ದಾರೆ, ಕಾರ್ಟ್ರಿಜ್, ಅಂದರೆ ಗುಂಡು-ಮದ್ದು ಸೇರಿದ ತೋಟಾ, .338 ವಿಂಚೆಸ್ಟರ್ ಮ್ಯಾಗ್ನಮ್ ತಗೊಳ್ಳೋದಾ, 9.3×62 ತಗೊಳ್ಳೋದಾ ಅಂತ ಕೇಳಿದ್ದೀರಿ. ನನ್ನ ಓಟು 9.3ಕ್ಕೆ.

ರೈಫಲ್ ಹಗುರಾದಷ್ಟೂ ಹೆಗಲಿಗೆ ಒದೆತ ಜಾಸ್ತಿ. ಅದೇ ಗುಂಡನ್ನು 4 ಕೆಜಿ ಬದಲು 3 ಕೆಜಿಯ ರೈಫಲ್‌ನಿಂದ ಹೊಡೆದರೆ ಒದೆತದ ಶಕ್ತಿ ಮೂರರಲ್ಲೊಂದು ಪಾಲು ಏರುತ್ತದೆ. ಬೆಟ್ಟ ಹತ್ತುವಾಗ ಸುಖವೇ, ಆದರೆ ಟ್ರಿಗರ್ ಒತ್ತುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ. ಗುರಿ ತಪ್ಪೋದು ಅಲ್ಲೇ ಅಲ್ವಾ?

1958ರಲ್ಲಿ ಬಂದ .338ರಲ್ಲಿ 9.3ಕ್ಕಿಂತ ಮದ್ದು ಜಾಸ್ತಿ, ಒದೆತವೂ ಚುರುಕು. 1905ರಲ್ಲಿ ಬರ್ಲಿನ್ನಿನ ಒಟ್ಟೊ ಬಾಕ್ ಮಾಡಿದ 9.3, 18.5 ಗ್ರಾಂ ಗುಂಡನ್ನು ಸೆಕೆಂಡಿಗೆ ಸುಮಾರು 720 ಮೀಟರ್ ವೇಗದಲ್ಲಿ ಕಳಿಸುತ್ತದೆ. 200 ಮೀಟರ್ ಒಳಗೆ ಮೂಸ್‌ಗೆ ಅಷ್ಟು ಸಾಕು. ದೂರಕ್ಕೆ ಹೊಡೆಯೋದಾದ್ರೆ ಮಾತ್ರ .338. ಅಲ್ಲಿನ ಅಂಗಡಿಯಲ್ಲಿ 9.3 ಸಿಗುತ್ತಾ ಅಂತ ಮೊದಲು ವಿಚಾರಿಸಲಿ.