ಕಾಸರಗೋಡಿನ ಬಾವಿ ನೀರಿನಲ್ಲಿ ಗಿಡ ಬೆಳೆಸುವ ಅಕ್ವೇರಿಯಂ ಮಾಡಬಹುದಾ? ಎರಡೇ ವಾರಕ್ಕೆ ಪಾಚಿ ತುಂಬಿದೆ, ಏನು ಮಾಡಲಿ?

ಧಾರಾಳವಾಗಿ ಮಾಡಿ. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ) ನೆಲದ ಬಾವಿ, ಸುರಂಗದ (ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿಯ) ನೀರು ಸಾಮಾನ್ಯವಾಗಿ ಮೆದು, ಸ್ವಲ್ಪ ಆಮ್ಲೀಯ. ಹೆಚ್ಚಿನ ನೀರುಗಿಡಗಳಿಗೆ ಅದು ಒಗ್ಗುತ್ತದೆ. ಒಂದೇ ಎಚ್ಚರ: ಅಡಿಕೆಗೆ ಕೊಳೆರೋಗ ಬಾರದಂತೆ ಬೋರ್ಡೋ ಮದ್ದು (ಮೈಲುತುತ್ತು, ಸುಣ್ಣದ ದ್ರಾವಣ) ಬಿಡುವ ದಿನಗಳಲ್ಲಿ ತೋಟದ ಕೆರೆ, ತೆರೆದ ಬಾವಿಯ ನೀರು ತರಬೇಡಿ. ಅದಕ್ಕೆ ಮೈಲುತುತ್ತು ಸೇರಿರಬಹುದು, ಅದರ ತಾಮ್ರ ಮೀನಿಗೆ ವಿಷ, ಸಿಗಡಿಗಂತೂ ಸ್ವಲ್ಪವೇ ಸಾಕು.

ಪಾಚಿಗೆ ಮುಖ್ಯ ಕಾರಣ ಬೆಳಕು ಜಾಸ್ತಿಯಾಗಿರುವುದು. ಗಿಡಗಳು ಇನ್ನೂ ಬೇರು ಬಿಟ್ಟಿಲ್ಲ, ಅಷ್ಟರಲ್ಲಿ ಪಾಚಿ ಗೊಬ್ಬರವನ್ನೆಲ್ಲ ತಿನ್ನುತ್ತದೆ ಅಲ್ವಾ? ಕಿಟಕಿ ಬಿಸಿಲು ತಪ್ಪಿಸಿ, ದೀಪ ದಿನಕ್ಕೆ 6 ಗಂಟೆ ಸಾಕು, ವಾರಕ್ಕೆ ಕಾಲು ಭಾಗ ನೀರು ಬದಲಿಸಿ. ಫಿಲ್ಟರಿನ ಸ್ಪಂಜನ್ನು ನಲ್ಲಿ ಕೆಳಗೆ ತಿಕ್ಕಬೇಡಿ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ, ಯಾಕೆಂದರೆ ಮೀನಿನ ಹಿಕ್ಕೆಯಿಂದ ಬರುವ ಅಮೋನಿಯಾ ಎಂಬ ವಿಷವನ್ನು ಅಷ್ಟು ಹಾನಿಯಿಲ್ಲದ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಅಲ್ಲೇ ಇರುತ್ತದೆ, ಅದು ನೆಲೆಯೂರಲು 4ರಿಂದ 6 ವಾರ ಬೇಕು. ಅಲ್ಲಿವರೆಗೆ ಹೊಸ ಮೀನು ಬೇಡ.

ಗಿಡಕ್ಕೆ ತೊಳೆದ ಹೊಳೆ ಮರಳು ಹಾಕಿ, ವ್ಯಾಲಿಸ್ನೇರಿಯಾದಿಂದ ಶುರು ಮಾಡಿ. ಅನೂಬಿಯಾಸ್, ಜಾವಾ ಫರ್ನ್ ಗಡ್ಡೆಯನ್ನು ಹೂಳಿದರೆ ಕೊಳೆಯುತ್ತದೆ, ಕಲ್ಲಿಗೆ ನೂಲಿನಿಂದ ಕಟ್ಟಿ. ಕ್ರಿಪ್ಟೊಕೊರಿನ್ ಎಲೆ ಕರಗಿದರೆ ಸುಮ್ನೆ ಬಿಡಿ, ಬೇರಿನಿಂದ ಮತ್ತೆ ಚಿಗುರುತ್ತದೆ.

ಇನ್ನೊಂದು ಮಾತು. ಚಂದ್ರಗಿರಿ ಹೊಳೆಯಲ್ಲಿರುವ ಮಿಸ್ ಕೇರಳ ಮೀನನ್ನು ದಯವಿಟ್ಟು ಹಿಡಿದು ತರಬೇಡಿ. ಅದು ಅಳಿವಿನಂಚಿನಲ್ಲಿದೆ, ಗುಂಪಾಗಿ ಈಜುವ ಮೀನು, ಸಣ್ಣ ತೊಟ್ಟಿ ಅದಕ್ಕೆ ಸಾಲದು.