ಹನ್ನೆರಡು ಸಾವಿರ ಪುಸ್ತಕಕ್ಕೆ ಯಾವ ಡೇಟಾಬೇಸ್?

ಪ್ರಶ್ನೆ: ಮೇಡಂ, ಶಿರಸಿ ಹತ್ತಿರ ನಮ್ಮದೊಂದು ಸಣ್ಣ ಗ್ರಂಥಾಲಯ. ಹನ್ನೆರಡು ಸಾವಿರ ಪುಸ್ತಕ, ಹೆಚ್ಚಿನವು ಕನ್ನಡದವು. ಯಾರೋ ಕೊಟ್ಟ ಹಳೇ ಕಂಪ್ಯೂಟರಿಗೆ ಫ್ರೀಬಿಎಸ್‌ಡಿ ಎಂಬ ಆಪರೇಟಿಂಗ್ ಸಿಸ್ಟಂ ಹಾಕಿದ್ದೇನೆ, 8 ಜಿಬಿ ರ‍್ಯಾಮ್ ಇದೆ. ಪಿಎಚ್‌ಪಿಯಲ್ಲಿ ನಾನೇ ಪ್ರೋಗ್ರಾಂ ಬರೆಯುತ್ತಿದ್ದೇನೆ. ನಾಲ್ಕು ಜನ ಎಂಟ್ರಿ ಮಾಡುತ್ತಾರೆ. ಗೆಳೆಯ ಮೈಎಸ್‌ಕ್ಯೂಎಲ್ ಅನ್ನುತ್ತಾನೆ. ಅಕ್ಕನ ಮಗ, ‘ಪೋಸ್ಟ್‌ಗ್ರೆಸ್ಸೂ ಬಿಎಸ್‌ಡಿಯೂ ಬರ್ಕ್ಲಿ ಯೂನಿವರ್ಸಿಟಿಯಲ್ಲೇ ಹುಟ್ಟಿದ್ದು, ಜೋಡಿ ಸರಿಹೋಗುತ್ತೆ’ ಅನ್ನುತ್ತಾನೆ. ಮಳೆಗಾಲದಲ್ಲಿ ಇಲ್ಲಿ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ಯಾವುದು ಹಾಕಲಿ?

ಉತ್ತರ: ಅಕ್ಕನ ಮಗ ಹೇಳಿದ್ದು ಸುಳ್ಳಲ್ಲ. ಪೋಸ್ಟ್‌ಗ್ರೆಸ್ ಕೆಲಸ 1986ರಲ್ಲಿ ಬರ್ಕ್ಲಿಯಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಶುರು ಮಾಡಿದ್ದು. ಆದರೆ ಒಂದೇ ಗೋತ್ರದವರನ್ನು ಜೋಡಿ ಮಾಡೋದು ನಮ್ಮಲ್ಲಿ ವಾಡಿಕೆ ಅಲ್ವಲ್ಲ! ಫ್ರೀಬಿಎಸ್‌ಡಿ ಮೇಲೆ ಮೈಎಸ್‌ಕ್ಯೂಎಲ್, ಅದರದೇ ಕವಲಾದ ಮರಿಯಾಡಿಬಿ ಕೂಡ ಚೆನ್ನಾಗೇ ಓಡುತ್ತವೆ.

ಕರೆಂಟಿನ ವಿಷಯದಲ್ಲೂ ಇವುಗಳಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಬದಲಾವಣೆಯನ್ನು ಮೊದಲು ಲಾಗ್‌ಗೆ ಬರೆದುಕೊಂಡು, ಕರೆಂಟು ಬಂದ ಮೇಲೆ ಅದನ್ನೋದಿ ಸರಿಮಾಡಿಕೊಳ್ಳುತ್ತವೆ. ಸ್ಪೀಡ್ ಸಿಗುತ್ತೆ ಅಂತ ಎಫ್‌ಸಿಂಕ್ (ಬರೆದದ್ದು ಡಿಸ್ಕಿಗೆ ಮುಟ್ಟುವವರೆಗೆ ಕಾಯುವ ವ್ಯವಸ್ಥೆ) ಆಫ್ ಮಾಡಲು ಯಾರಾದರೂ ಹೇಳಿದರೆ ಕೇಳಬೇಡಿ. ಮೈಎಸ್‌ಕ್ಯೂಎಲ್ ಹಾಕಿದರೆ ಟೇಬಲ್ ಇನ್ನೋಡಿಬಿ ಎಂಬ ಸ್ಟೋರೇಜ್ ಎಂಜಿನ್ನಿನಲ್ಲೇ ಇರಲಿ. ಹಳೇ ಮೈಐಸ್ಯಾಮ್‌ಗೆ ಈ ಲಾಗ್ ಇಲ್ಲ.

ನಿಜ ಹೇಳಬೇಕೆಂದರೆ ನಿಮ್ಮ ಗಾತ್ರಕ್ಕೆ ಎಸ್‌ಕ್ಯೂಲೈಟ್ ಸಾಕಿತ್ತು. ಸರ್ವರೇ ಬೇಡ, ಒಂದು ಫೈಲು ಅಷ್ಟೆ. ಒಂದು ಸಲಕ್ಕೆ ಒಬ್ಬರೇ ಬರೆಯಬಹುದು, ಆದರೆ ನಾಲ್ಕು ಜನರ ಎಂಟ್ರಿಗೆ ಅದು ತಿಳಿಯುವುದೂ ಇಲ್ಲ. ನನ್ನನ್ನು ತಡೆಯುವುದು ಕನ್ನಡದ ಅಕಾರಾದಿ. ಎಸ್‌ಕ್ಯೂಲೈಟ್ ಸುಮ್ನೆ ಬೈಟ್ ನೋಡಿ ಜೋಡಿಸುತ್ತದೆ. ಯೂನಿಕೋಡಿನಲ್ಲಿ ‘ಳ’ ಇರುವುದು ‘ಲ’ದ ಪಕ್ಕದಲ್ಲಿ, ನಮ್ಮ ವರ್ಣಮಾಲೆಯಲ್ಲಿ ‘ಹ’ ಆದ ಮೇಲೆ. ಹಾಗಾಗಿ ‘ಮಳೆ’ ಮೊದಲು ಬಂದು, ‘ಮಸಾಲೆ’, ‘ಮಹಾಭಾರತ’ ಅದರ ಹಿಂದೆ ನಿಲ್ಲುತ್ತವೆ. ಕಪಾಟಿನ ಪಟ್ಟಿ ಹೀಗೆ ಪ್ರಿಂಟಾದರೆ ಹಿರಿಯ ಓದುಗರು ನಿಮ್ಮನ್ನು ಬಿಡುತ್ತಾರಾ?

ಪೋಸ್ಟ್‌ಗ್ರೆಸ್ ಹಾಕಿ. ಅದರಲ್ಲಿ ಐಸಿಯು ಎಂಬ ಯೂನಿಕೋಡ್ ಲೈಬ್ರರಿಯ ಕೊಲೇಷನ್ (ಪದ ಜೋಡಿಸುವ ನಿಯಮ) ಇದೆ, ಅದಕ್ಕೆ ಕನ್ನಡದ ಕ್ರಮ ಗೊತ್ತು. ಆದರೆ ತಾನಾಗಿ ಆಗುವುದಿಲ್ಲ! ಫ್ರೀಬಿಎಸ್‌ಡಿಯ ಸ್ಟಾರ್ಟ್ ಸ್ಕ್ರಿಪ್ಟು ಇನಿಟ್‌ಡಿಬಿ (ಖಾಲಿ ಡೇಟಾ ಫೋಲ್ಡರ್ ಸಿದ್ಧಮಾಡುವ ಕೆಲಸ) ಮಾಡುವಾಗ ಎನ್‌ಕೋಡಿಂಗ್ ಯುಟಿಎಫ್-8, ಕೊಲೇಷನ್ ‘ಸಿ’ ಎಂದು ಇಡುತ್ತದೆ. ಅದೂ ಬೈಟ್ ಲೆಕ್ಕವೇ. ಪುಸ್ತಕದ ಹೆಸರು, ಲೇಖಕರ ಹೆಸರು, ಈ ಎರಡು ಕಾಲಂ ಮಾಡುವಾಗಲೇ ಕೊಲೇಷನ್ ‘ಕೆಎನ್-ಎಕ್ಸ್-ಐಸಿಯು’ ಎಂದು ಕೊಡಿ. ಮೇಲಿನ ಮೂರು ಪದ ಹಾಕಿ ಆರ್ಡರ್ ಬೈ ಮಾಡಿ ನೋಡಿ. ‘ಮಳೆ’ ಕೊನೆಗೆ ಬಂದರೆ ಸರಿಯಾಗಿದೆ.

ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ಮಿನ ರೆಕಾರ್ಡ್ ಸೈಜು 128 ಕೆ, ಪೋಸ್ಟ್‌ಗ್ರೆಸ್ಸಿನ ಪೇಜು 8 ಕೆ, ಹೊಂದಿಸಬೇಕು ಅಂತ ಅಕ್ಕನ ಮಗ ಮುಂದೆ ಹೇಳಿಯೇ ಹೇಳುತ್ತಾನೆ. ಹನ್ನೆರಡು ಸಾವಿರ ಸಾಲಿಗೆ ಆ ತಲೆಬಿಸಿ ಬೇಡ. ಆ ಹೊತ್ತಿನಲ್ಲಿ ದಿನಾ ರಾತ್ರಿ ತಾನೇ ಓಡಿ, ಪಿಜಿ-ಡಂಪ್‌ನಿಂದ ಬ್ಯಾಕಪ್ ತೆಗೆದು ಬೇರೆ ಡಿಸ್ಕಿಗೆ ಹಾಕುವ ಕ್ರಾನ್ ಬರೆಯಿರಿ. ಒಂದು ಸಲ ಆ ಡಂಪನ್ನು ಖಾಲಿ ಡೇಟಾಬೇಸಿಗೆ ತುಂಬಿಯೂ ನೋಡಿ.

ಪ್ರಶ್ನೆ: ಫ್ರೀಬಿಎಸ್‌ಡಿಯಲ್ಲಿ ಪೋಸ್ಟ್‌ಗ್ರೆಸ್ 15 ತೆಗೆದು 17 ಹಾಕಿದೆ. ಇನಿಟ್‌ಡಿಬಿ ಮಾಡು ಅಂತು, ಮಾಡಿದೆ. ಈಗ ಒಳಗೆ ಏನೂ ಇಲ್ಲ! ಎಲ್ಲಾ ಹೋಯಿತಾ?

ಉತ್ತರ: ಗಾಬರಿ ಬೇಡ. ಪ್ಯಾಕೇಜ್ ತೆಗೆದರೆ ಡೇಟಾ ಅಳಿಸುವುದಿಲ್ಲ. ಪೋಸ್ಟ್‌ಗ್ರೆಸ್ ಬಳಕೆದಾರನ ಫೋಲ್ಡರಿನಲ್ಲಿ ‘ಡೇಟಾ15’ ಇರಬೇಕು, ಹೊಸದರ ಹೆಸರು ‘ಡೇಟಾ17’. ಹಳೇ ಫೈಲನ್ನು ಹೊಸ ಆವೃತ್ತಿ ನೇರವಾಗಿ ಓದಲಾರದು. ಮೊದಲು ‘ಡೇಟಾ15’ನ್ನು ಬೇರೆ ಕಡೆ ಕಾಪಿ ಮಾಡಿಟ್ಟುಕೊಳ್ಳಿ. 17 ತೆಗೆದು 15 ಮತ್ತೆ ಹಾಕಿ, ಸರ್ವರ್ ಏಳಿಸಿ, ಪಿಜಿ-ಡಂಪ್‌ಆಲ್‌ನಿಂದ ಪೂರ್ತಿ ಡಂಪ್ ತೆಗೆಯಿರಿ. ಆಮೇಲೆ 17 ಹಾಕಿ ಅದನ್ನು ಪಿಎಸ್‌ಕ್ಯೂಎಲ್‌ನಿಂದ ತುಂಬಿ. ಹಳೇ ಫೋಲ್ಡರನ್ನು ಒಂದು ತಿಂಗಳು ಹಾಗೇ ಬಿಟ್ಟಿರಿ.