ಕೋಶ ಒಡೆದ ಮೇಲೆ ಕಿಣ್ವದ ಆಟ: ಜೋಳದ ನಂಜು, ಕಟ್ಟದ ಬೆಲ್ಲ, ಕಂದಾಗುವ ಒಣದ್ರಾಕ್ಷಿ

ಈ ಬಾರಿಯ ಪ್ರಶ್ನೆಗಳು ದನ, ಬೆಲ್ಲ, ದ್ರಾಕ್ಷಿ, ಪಠ್ಯಪುಸ್ತಕ ಎಂದು ಬೇರೆ ಬೇರೆ ದಿಕ್ಕಿನಿಂದ ಬಂದಿದ್ದರೂ ಬುಡದಲ್ಲಿರುವ ವಿಷಯ ಒಂದೇ. ಬದುಕಿರುವ ಕೋಶದಲ್ಲಿ ಕಿಣ್ವ ಒಂದು ಕಡೆ, ಅದು ಕತ್ತರಿಸಬೇಕಾದ ವಸ್ತು ಇನ್ನೊಂದು ಕಡೆ ಇರುತ್ತದೆ. ನಡುವಿನ ಗೋಡೆ ಒಡೆದರೆ ಮುಂದೆ ಆಗುವುದನ್ನು ಕೋಶ ತಡೆಯಲಾರದು. ಅಕಾಲಿಕ ಮಳೆಯ ದಿನಗಳಿವು, ಹಾಗಾಗಿ ದನದ ಪ್ರಶ್ನೆಯನ್ನೇ ಮೊದಲು ತೆಗೆದುಕೊಂಡಿದ್ದೇವೆ.

ಹಿಂಗಾರಿ ಜೋಳ ಕೊಯ್ದ ಹೊಲದಲ್ಲಿ ಮಳೆ ಬಿದ್ದು ಕೂಳೆ ಚಿಗುರಿತ್ತು. ಮೇಯಲು ಬಿಟ್ಟ ಆಕಳು ಅರ್ಧ ತಾಸಿನೊಳಗೆ ಬಾಯಲ್ಲಿ ನೊರೆ ಬಂದು ನೆಲಕ್ಕೆ ಬಿತ್ತು. ಅದೇ ಹೊಲದ ಕಣಕಿಯನ್ನು ವರ್ಷವಿಡೀ ಹಾಕುತ್ತೇವೆ, ಏನೂ ಆಗಿಲ್ಲ. ಚಿಗುರಿಗೆ ಮಾತ್ರ ವಿಷ ಎಲ್ಲಿಂದ ಬರುತ್ತದೆ? — ಸಿಂದಗಿ ತಾಲ್ಲೂಕಿನ ರೈತರು

ಚಿಗುರಿನಲ್ಲಿ ವಿಷ ಮೊದಲೇ ತಯಾರಾಗಿ ಕೂತಿರುವುದಿಲ್ಲ. ದನ ಅಗಿಯುವಾಗ ತಯಾರಾಗುತ್ತದೆ.

ಎಳೆ ಜೋಳದ ಎಲೆಯ ಹೊರಪದರದ ಕೋಶಗಳಲ್ಲಿ ಧುರ್ರಿನ್ ಎಂಬ ವಸ್ತು ಇರುತ್ತದೆ. ಸೈನೈಡ್ ಅಂಶಕ್ಕೆ ಒಂದು ಗ್ಲೂಕೋಸ್ ಕಟ್ಟಿಟ್ಟಂತಹ ರಚನೆ ಅದರದು. ಕೋಶದೊಳಗಿನ ರಸಕೋಶದಲ್ಲಿ ಇರುವಷ್ಟು ಕಾಲ ಅದರಿಂದ ಗಿಡಕ್ಕೆ ಯಾವ ತೊಂದರೆಯೂ ಇಲ್ಲ. ಆ ಗ್ಲೂಕೋಸನ್ನು ಕತ್ತರಿಸುವ ಧುರ್ರಿನೇಸ್ ಕಿಣ್ವ ಇರುವುದು ಎಲೆಯ ನಡುಪದರದ ಕೋಶಗಳಲ್ಲಿ. ಹಲ್ಲಿಗೆ ಸಿಕ್ಕಿ ಎರಡೂ ಪದರ ಜಜ್ಜಿಹೋದಾಗ ಕಿಣ್ವ ಮತ್ತು ಧುರ್ರಿನ್ ಒಂದಾಗುತ್ತವೆ. ಮೊದಲು ಗ್ಲೂಕೋಸ್ ಕಳಚುತ್ತದೆ. ಉಳಿದ ತುಂಡನ್ನು ನಡುಪದರದಲ್ಲೇ ಇರುವ ಇನ್ನೊಂದು ಕಿಣ್ವ ಒಡೆಯುತ್ತದೆ, ಹೈಡ್ರೋಜನ್ ಸೈನೈಡ್ ಹೊರಬರುತ್ತದೆ. ಮೆಲುಕು ಹಾಕುವ ದನಗಳಿಗೆ ಅಪಾಯ ಇನ್ನೂ ಹೆಚ್ಚು. ಹಂದಿಯ ಹೊಟ್ಟೆಯ ಆಮ್ಲದಲ್ಲಿ ಈ ಕಿಣ್ವ ಕೆಡುತ್ತದೆ. ಆಕಳ ಮೊದಲ ಹೊಟ್ಟೆಯಲ್ಲಿ ಆಮ್ಲ ಕಡಿಮೆ, ಅಲ್ಲಿನ ಸೂಕ್ಷ್ಮಜೀವಿಗಳ ಹತ್ತಿರವೂ ಅಂಥದ್ದೇ ಕಿಣ್ವಗಳಿವೆ.

ದೇಹದೊಳಗೆ ಸೈನೈಡ್ ಮಾಡುವುದೂ ಇನ್ನೊಂದು ಕಿಣ್ವದ ಮೇಲಿನ ದಾಳಿಯನ್ನೇ. ಪ್ರತಿ ಕೋಶದ ಮೈಟೋಕಾಂಡ್ರಿಯಾದಲ್ಲಿ ಸೈಟೋಕ್ರೋಮ್ ಆಕ್ಸಿಡೇಸ್ ಇದೆ. ನಾವು ಉಸಿರಾಡಿದ ಆಮ್ಲಜನಕ ಕೊನೆಗೆ ಬಳಕೆಯಾಗುವುದು ಅದರಲ್ಲಿರುವ ಕಬ್ಬಿಣದ ಪರಮಾಣುವಿನ ಮೇಲೆ. ಸೈನೈಡ್ ಅದೇ ಜಾಗಕ್ಕೆ ಅಂಟಿಕೊಳ್ಳುತ್ತದೆ. ರಕ್ತದ ತುಂಬ ಆಮ್ಲಜನಕ ಇದ್ದರೂ ಕೋಶಕ್ಕೆ ಬಳಸಲು ಬರುವುದಿಲ್ಲ. ಈ ನಂಜಿನಲ್ಲಿ ವಸಡು, ಕಣ್ಣಿನ ಒಳಪೊರೆ, ರಕ್ತ ಎಲ್ಲವೂ ಕಡುಗೆಂಪಾಗಿ ಕಾಣುವುದು ಇದಕ್ಕೇ. ಈ ಗುರುತನ್ನು ಮರೆಯಬೇಡಿ. ಬರಕ್ಕೆ ಸಿಕ್ಕ ಜೋಳದಲ್ಲಿ ನೈಟ್ರೇಟ್ ಕೂಡ ಶೇಖರವಾಗುತ್ತದೆ, ಅದರ ನಂಜಿನ ಲಕ್ಷಣಗಳು ಹೆಚ್ಚುಕಡಿಮೆ ಇವೇ. ಆದರೆ ಅಲ್ಲಿ ರಕ್ತ ಚಾಕೊಲೇಟ್ ಕಂದು ಬಣ್ಣಕ್ಕೆ ತಿರುಗುತ್ತದೆ. ಎರಡರ ಚಿಕಿತ್ಸೆ ಬೇರೆ, ಒಂದರ ಔಷಧಿ ಇನ್ನೊಂದರಲ್ಲಿ ಪ್ರಾಣ ತೆಗೆಯಬಲ್ಲದು. ಪಶುವೈದ್ಯರಿಗೆ ಫೋನ್ ಮಾಡುವಾಗಲೇ ವಸಡಿನ ಬಣ್ಣ ಹೇಳಿ.

ಎಷ್ಟು ತಿಂದರೆ ಅಪಾಯ? ದೇಹದ ತೂಕದ ಕಿಲೋಗೆ ಸುಮಾರು 2 ಮಿಲಿಗ್ರಾಂ ಸೈನೈಡ್ ಸಾವಿನ ಮಟ್ಟ. 300 ಕಿಲೋ ಆಕಳಿಗೆ 600 ಮಿಲಿಗ್ರಾಂ ಆಯಿತು. ಹಸಿ ಚಿಗುರಿನ ಕಿಲೋದಲ್ಲಿ 200 ಮಿಲಿಗ್ರಾಂ ಹುಟ್ಟುವಂತಿದ್ದರೆ, ಹಸಿದ ಆಕಳು ಗಬಗಬನೆ ತಿಂದ ಮೂರು ಕಿಲೋ ಸಾಕು. ಅಷ್ಟನ್ನೇ ದಿನವಿಡೀ ಸ್ವಲ್ಪ ಸ್ವಲ್ಪವಾಗಿ ತಿಂದರೆ ಬದುಕಬಹುದು. ಏಕೆಂದರೆ ಯಕೃತ್ತಿನಲ್ಲಿ ರೋಡನೀಸ್ ಎಂಬ ಕಿಣ್ವ ಸೈನೈಡಿಗೆ ಗಂಧಕ ಸೇರಿಸಿ ಥಯೋಸೈನೇಟ್ ಮಾಡುತ್ತಿರುತ್ತದೆ, ಅದು ಮೂತ್ರದಲ್ಲಿ ಹೋಗುತ್ತದೆ. ವೈದ್ಯರ ಚಿಕಿತ್ಸೆಯೂ ಇದನ್ನೇ ನೆಚ್ಚಿಕೊಂಡಿದೆ. ರಕ್ತನಾಳಕ್ಕೆ ಕೊಡುವ ಸೋಡಿಯಂ ನೈಟ್ರೈಟ್ ಸ್ವಲ್ಪ ಹಿಮೋಗ್ಲೋಬಿನ್‌ನ ಕಬ್ಬಿಣವನ್ನು ಬದಲಿಸುತ್ತದೆ, ಹಾಗೆ ಬದಲಾದ ಹಿಮೋಗ್ಲೋಬಿನ್ ಆಕ್ಸಿಡೇಸ್‌ಗೆ ಅಂಟಿದ ಸೈನೈಡನ್ನು ತನ್ನ ಕಡೆ ಎಳೆಯುತ್ತದೆ. ನಂತರದ ಸೋಡಿಯಂ ಥಯೋಸಲ್ಫೇಟ್ ರೋಡನೀಸ್‌ಗೆ ಬೇಕಾದ ಗಂಧಕ ಒದಗಿಸುತ್ತದೆ. ನೈಟ್ರೇಟ್ ನಂಜಿಗೆ ನೈಟ್ರೈಟ್ ಕೊಟ್ಟರೆ ಏನಾಗುತ್ತದೆಂದು ಈಗ ನಿಮಗೇ ಹೊಳೆದಿರಬೇಕು: ಆಗಲೇ ಕೆಟ್ಟಿರುವ ಹಿಮೋಗ್ಲೋಬಿನ್ ಇನ್ನಷ್ಟು ಕೆಡುತ್ತದೆ. ಆದ್ದರಿಂದ ಇವನ್ನು ಸ್ವಂತವಾಗಿ ಚುಚ್ಚುವ ಕೆಲಸ ಖಂಡಿತ ಬೇಡ. ಕಾಲವೂ ಕಡಿಮೆ, ಕೆಲವೊಮ್ಮೆ ಮೊದಲ ಲಕ್ಷಣದಿಂದ ಸಾವಿನವರೆಗೆ ಒಂದು ತಾಸೂ ಇರುವುದಿಲ್ಲ.

ಕಣಕಿ ಏಕೆ ಸುರಕ್ಷಿತ? ಬೆಳೆ ಬಲಿತಂತೆ ಧುರ್ರಿನ್ ಇಳಿಯುತ್ತದೆ. ಒಣಗುವಾಗ ಕೋಶಗಳು ಒಡೆದು ಹುಟ್ಟಿದ ಸೈನೈಡ್ ಗಾಳಿಗೆ ಹಾರಿಹೋಗುತ್ತದೆ. ಅದು ಕುದಿಯುವುದೇ 26 ಡಿಗ್ರಿಗೆ. ಬಾಡಿದ, ಅರ್ಧ ಒಣಗಿದ ಚಿಗುರನ್ನು ಮಾತ್ರ ನಂಬಬೇಡಿ, ಅದರಲ್ಲಿ ಸೈನೈಡ್ ಬಿಡುಗಡೆಯಾಗಿರುತ್ತದೆ, ಪೂರ್ತಿ ಹಾರಿರುವುದಿಲ್ಲ. ಬಿತ್ತಿದ ಜೋಳವನ್ನು ಹೂ ಬರುವ ಮುಂಚೆ ಹಸಿಯಾಗಿ ಮೇಯಿಸಬೇಡಿ. ಬರದ ನಂತರ ಮಳೆ ಬಿದ್ದಾಗ ಬರುವ ಚಿಗುರು, ಕೂಳೆ, ಯೂರಿಯಾ ಹೆಚ್ಚು ಬಿದ್ದ ಬೆಳೆ, ಈ ಮೂರೂ ಅತಿ ಕೆಟ್ಟವು. ಕೂಳೆ ಹೊಲದ ಬದಿಯಲ್ಲಿ ದನ ಹೊಡೆಯುವ ಮುಂಚೆ ಹೊಟ್ಟೆಗೆ ಒಣ ಮೇವು ಬಿದ್ದಿರಲಿ.

ಲೈಸೋಸೋಮಿನ ಕಿಣ್ವಗಳು ಪ್ರೋಟೀನನ್ನೂ ಕತ್ತರಿಸುತ್ತವೆ ಎಂದು ಓದಿದ್ದೇವೆ. ಕೋಶದ ತುಂಬ ಇರುವುದು ಪ್ರೋಟೀನೇ ಅಲ್ಲವೇ? ಹಾಗಾದರೆ ಕೋಶ ತನ್ನನ್ನೇ ಏಕೆ ಜೀರ್ಣಿಸಿಕೊಳ್ಳುವುದಿಲ್ಲ? — ಬೆಳಗಾವಿಯ ಬಿಎಸ್ಸಿ ವಿದ್ಯಾರ್ಥಿನಿ

ಬಹಳ ಒಳ್ಳೆಯ ಪ್ರಶ್ನೆ. ಲೈಸೋಸೋಮ್ ಎಂದರೆ ಕೋಶದೊಳಗಿನ ಜೀರ್ಣಕಿಣ್ವಗಳ ಪುಟ್ಟ ಚೀಲ. ಕಾವಲು ಮೂರು ಬಗೆಯದು. ಮೊದಲನೆಯದು ಆ ಚೀಲದ ಪೊರೆ, ಅದು ನಿಮಗೆ ಗೊತ್ತು. ಎರಡನೆಯದು ಆಮ್ಲೀಯತೆ: ಲೈಸೋಸೋಮಿನ ಒಳಗೆ ಪಿಎಚ್ 4.5ರಿಂದ 5, ಹೊರಗಿನ ಕೋಶದ್ರವದಲ್ಲಿ ಸುಮಾರು 7.2. ಅಂದರೆ ಹೈಡ್ರೋಜನ್ ಅಯಾನುಗಳಲ್ಲಿ ನೂರಾರು ಪಟ್ಟು ವ್ಯತ್ಯಾಸ. ಒಂದೆರಡು ಅಣು ಸೋರಿದರೂ ಹೊರಗಿನ ಪಿಎಚ್‌ನಲ್ಲಿ ಅವುಗಳ ಶಕ್ತಿ ಕುಂದುತ್ತದೆ.

ಮೂರನೆಯದು ಕಿಣ್ವವನ್ನು ಮೊದಲು ನಿಷ್ಕ್ರಿಯ ರೂಪದಲ್ಲೇ ಮಾಡುವುದು. ಇದನ್ನು ಬಿಡಿಸಿ ಹೇಳಬೇಕು. ಅದರಲ್ಲಿ ಪ್ರೋಟೀನಿನ ಆಕಾರವೇ ಅದರ ಕೆಲಸ ಎನ್ನುವುದು ಕಣ್ಣಿಗೆ ಕಟ್ಟುತ್ತದೆ. ಉದಾಹರಣೆಗೆ, ಮೇದೋಜೀರಕ ಗ್ರಂಥಿ ಪ್ರೋಟೀನ್ ಕತ್ತರಿಸುವ ಕೈಮೋಟ್ರಿಪ್ಸಿನ್ ಕಿಣ್ವವನ್ನು ನೇರವಾಗಿ ಮಾಡುವುದಿಲ್ಲ. 245 ಅಮೈನೋ ಆಮ್ಲಗಳ ನಿಷ್ಕ್ರಿಯ ಸರಪಳಿಯಾಗಿ ಮಾಡಿ ಸಣ್ಣ ಕರುಳಿಗೆ ಕಳಿಸುತ್ತದೆ. ಕತ್ತರಿಸುವ ಕೆಲಸಕ್ಕೆ ಬೇಕಾದ ಮೂರು ಅಮೈನೋ ಆಮ್ಲಗಳು ಸರಪಳಿಯಲ್ಲಿ ಇರುವುದು 57, 102, 195ನೇ ಸ್ಥಾನಗಳಲ್ಲಿ. ಎಣಿಸಿದರೆ ಒಂದಕ್ಕೊಂದು ಬಹು ದೂರ. ಸರಪಳಿ ಮಡಚಿಕೊಂಡಾಗ ಮಾತ್ರ ಮೂರೂ ಒಂದೇ ಕಡೆ ಬಂದು ನಿಲ್ಲುತ್ತವೆ. ನಿಷ್ಕ್ರಿಯ ರೂಪದಲ್ಲೂ ಈ ಮೂರು ಹತ್ತಿರವೇ ಇವೆ, ಆದರೆ ಪಕ್ಕದಲ್ಲಿ ಇರಬೇಕಾದ, ಕತ್ತರಿಸುವ ವಸ್ತು ಬಂದು ಕೂರುವ ಪೊಟರೆ ಸರಿಯಾಗಿ ರೂಪುಗೊಂಡಿರುವುದಿಲ್ಲ. ಕರುಳಿನಲ್ಲಿ ಟ್ರಿಪ್ಸಿನ್ ಬಂದು 15 ಮತ್ತು 16ನೇ ಅಮೈನೋ ಆಮ್ಲಗಳ ನಡುವೆ ಒಂದೇ ಒಂದು ಕಡೆ ಕತ್ತರಿಸುತ್ತದೆ. ಹೊಸದಾಗಿ ಹುಟ್ಟಿದ 16ನೆಯದರ ತುದಿ ಒಳಗೆ ತಿರುಗಿ 194ನೆಯದರ ಜೊತೆ ವಿದ್ಯುದಾವೇಶದ ಬಂಧ ಕಟ್ಟುತ್ತದೆ, ಪೊಟರೆ ತೆರೆಯುತ್ತದೆ, ಕಿಣ್ವ ಕೆಲಸಕ್ಕೆ ನಿಲ್ಲುತ್ತದೆ. ಈ ಕತ್ತರಿಕೆ ಕರುಳಿಗೆ ಹೋಗುವ ಮುಂಚೆ ಗ್ರಂಥಿಯೊಳಗೇ ನಡೆದರೆ ಗ್ರಂಥಿ ತನ್ನನ್ನೇ ಜೀರ್ಣಿಸಿಕೊಳ್ಳತೊಡಗುತ್ತದೆ. ತೀವ್ರ ಪ್ಯಾಂಕ್ರಿಯಾಟೈಟಿಸ್ ಎಂದರೆ ಇದೇ. ನಿಮ್ಮ ಪ್ರಶ್ನೆಯಲ್ಲಿದ್ದ ಭಯ ಅಲ್ಲಿ ನಿಜವಾಗುತ್ತದೆ.

ಕೀಲಿ ಬೀಗಕ್ಕೆ ಹೊಂದುವಂತೆ ವಸ್ತು ಕಿಣ್ವದ ಪೊಟರೆಗೆ ಹೊಂದುತ್ತದೆ ಎನ್ನುವ ಬೀಗ-ಕೀಲಿಯ ಚಿತ್ರ ಎಮಿಲ್ ಫಿಶರ್ 1894ರಲ್ಲಿ ಕೊಟ್ಟದ್ದು. ಪರೀಕ್ಷೆಯಲ್ಲಿ ಬರೆಯಿರಿ, ಆದರೆ ಅಷ್ಟಕ್ಕೇ ನಿಲ್ಲಿಸಬೇಡಿ. ವಸ್ತು ಬಂದು ಕೂತಾಗ ಕಿಣ್ವವೂ ಆಕಾರ ಬದಲಿಸುತ್ತದೆ ಎಂದು ಡೇನಿಯಲ್ ಕೋಶ್ಲಂಡ್ 1958ರಲ್ಲಿ ಮುಂದಿಟ್ಟರು.

ಕುಂದಾದ ಕಂದು ಬಣ್ಣವೂ ಕಿಣ್ವದ್ದೇ? — ಬೆಳಗಾವಿ, ಶಹಾಪುರದ ಓದುಗರು

ಅಲ್ಲ. ತಾಸುಗಟ್ಟಲೆ ಕುದಿಯುವ ಹಾಲಿನಲ್ಲಿ ಕಿಣ್ವಗಳೆಲ್ಲ ಆಕಾರ ಕಳೆದುಕೊಂಡು ಕೂತಿರುತ್ತವೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಅದೇ ಹಾಲಿನ ಪ್ರೋಟೀನಿನಲ್ಲಿರುವ ಲೈಸಿನ್ ಜೊತೆ ಬಿಸಿಗೆ ಸೇರಿ ಆಗುವ ಮೇಲಾರ್ಡ್ ಕ್ರಿಯೆ ಅದು.

ಈ ಸಲ ಬೆಲ್ಲ ಪೆಂಟಿ ಕಟ್ಟವಲ್ದು. ಎಷ್ಟು ಕುದಿಸಿದ್ರೂ ಮೆತ್ತಗ ಉಳೀತೈತಿ, ನಾಕ ದಿನಕ್ಕ ನೀರೊಡೀತೈತಿ. ಹೈಡ್ರೋಸ್ ಹೆಚ್ಚು ಹಾಕ್ಬೇಕೇನ್ರಿ? — ಮಹಾಲಿಂಗಪುರದ ಗಾಣದ ಮಾಲೀಕರು

ಹಾಕಬೇಡಿ. ಹೈಡ್ರೋಸ್ (ಸೋಡಿಯಂ ಹೈಡ್ರೋಸಲ್ಫೈಟ್) ಬಣ್ಣ ತಿಳಿ ಮಾಡುತ್ತದೆ ಅಷ್ಟೇ, ಬೆಲ್ಲ ಗಟ್ಟಿ ಮಾಡುವುದಿಲ್ಲ. ತಿನ್ನುವವರ ಹೊಟ್ಟೆಗೆ ಗಂಧಕ ಹೋಗುತ್ತದೆ. ನಿಮ್ಮ ತೊಂದರೆ ಬಹುಪಾಲು ಕಡಾಯಿಗೆ ಬರುವ ಮೊದಲೇ ಆಗಿಹೋಗಿದೆ.

ಬೆಲ್ಲ ಹರಳುಗಟ್ಟುವುದು ಸುಕ್ರೋಸಿನಿಂದ. ಸುಕ್ರೋಸ್ ಎಂದರೆ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೂಡಿದ ಜೋಡಿ; ಇನ್ವರ್ಟೇಸ್ ಕಿಣ್ವ ಒಂದು ನೀರಿನ ಅಣು ಹಾಕಿ ಆ ಜೋಡಿಯನ್ನು ಬಿಡಿಸುತ್ತದೆ. ಬಲಿತ ಕಬ್ಬು ಹೊಲದಲ್ಲಿ ನಿಂತಿರುವಾಗ ಈ ಕಿಣ್ವದ ಚಟುವಟಿಕೆ ಕಡಿಮೆ. ಕಡಿದು ಒಗೆದ ಮೇಲೆ ಏರುತ್ತದೆ. ಗಿಡ ಸತ್ತರೆ ಕಿಣ್ವವೂ ನಿಲ್ಲುತ್ತದೆ ಎನ್ನುವುದು ತಪ್ಪು ತಿಳಿವಳಿಕೆ. ಎಡ್ವರ್ಡ್ ಬುಕ್ನರ್ 1897ರಲ್ಲಿ ಯೀಸ್ಟನ್ನು ಮರಳಿನ ಜೊತೆ ಅರೆದು, ಜೀವಂತ ಕೋಶವೇ ಇಲ್ಲದ ರಸದಿಂದ ಸಕ್ಕರೆಯನ್ನು ಹುದುಗಿಸಿ ತೋರಿಸಿದರು. ಒಂದು ಕಿಲೋ ಸುಕ್ರೋಸ್ ಒಡೆದರೆ ನೀರು ಸೇರಿ 1.05 ಕಿಲೋ ಒಡೆದ ಸಕ್ಕರೆ ಸಿಗುತ್ತದೆ. ಸಿಹಿಯೂ ತೂಕವೂ ಹೋಗಲಿಲ್ಲ, ಹಾಗಾಗಿ ನಷ್ಟ ಕಣ್ಣಿಗೆ ಬೀಳುವುದಿಲ್ಲ. ಆದರೆ ಫ್ರಕ್ಟೋಸ್ ಹರಳುಗಟ್ಟಲು ಬಿಡುವುದಿಲ್ಲ, ಗಾಳಿಯ ತೇವವನ್ನೂ ಎಳೆಯುತ್ತದೆ. ನಾಲ್ಕು ದಿನಕ್ಕೆ ಬೆಲ್ಲ ನೀರೊಡೆಯುವುದು ಅದರಿಂದ.

ಕಡಿದ ತುದಿಯಿಂದ ಲ್ಯೂಕೋನೊಸ್ಟಾಕ್ ಎಂಬ ಬ್ಯಾಕ್ಟೀರಿಯಾ ಕೂಡ ಹೊಕ್ಕುತ್ತದೆ. ಅದು ಹೊರಬಿಡುವ ಕಿಣ್ವ ಸುಕ್ರೋಸಿನ ಗ್ಲೂಕೋಸನ್ನು ಒಂದರ ಹಿಂದೊಂದು ಪೋಣಿಸಿ ಡೆಕ್ಸ್‌ಟ್ರಾನ್ ಎಂಬ ಅಂಟು ಮಾಡುತ್ತದೆ. ರಸ ಲೋಳೆಯಾಗಿ ನೂಲು ಎಳೆದಂತೆ ಬಂದರೆ, ಹುಳಿ ವಾಸನೆ ಬಂದರೆ ಇದರ ಕೈವಾಡ. ಸುಟ್ಟ ಕಬ್ಬಿನಲ್ಲಿ ಎರಡೂ ಬೇಗ.

ಹಾಗಾಗಿ ಕಡಿದ 24 ತಾಸಿನೊಳಗೆ ಅರೆಯಿರಿ. ಮಾರ್ಚ್ ಬಿಸಿಲಿನಲ್ಲಿ ಅದಕ್ಕಿಂತಲೂ ಬೇಗ. ಆಗದಿದ್ದರೆ ಕಬ್ಬನ್ನು ನೆರಳಿಗೆ ಹಾಕಿ, ಮೇಲೆ ರವದಿ (ಕಬ್ಬಿನ ಒಣ ಎಲೆ) ಮುಚ್ಚಿ ನೀರು ಚಿಮುಕಿಸಿ. ಗಾಣದ ರೋಲರ್, ರಸದ ತೊಟ್ಟಿಯನ್ನು ದಿನಕ್ಕೆ ಒಂದು ಸಲ ತೊಳೆದರೆ ಸಾಲದು. ಕೆಲವು ತಾಸಿಗೊಮ್ಮೆ ಬಿಸಿನೀರು ಹಾಕಿ. ಅರೆದ ರಸವನ್ನು ಕೂಡಿಡದೆ ಕಡಾಯಿಗೆ ಬಿಡಿ.

ಇನ್ನೊಂದು ಸೂಕ್ಷ್ಮ. ಕುದಿ ಬಂದ ಮೇಲೆ ಇನ್ವರ್ಟೇಸ್ ಕೆಡುತ್ತದೆ, ಆದರೆ ಸುಕ್ರೋಸ್ ಒಡೆಯುವುದು ನಿಲ್ಲುವುದಿಲ್ಲ. ರಸ ಹುಳಿಯಿದ್ದರೆ ಕುದಿಯುವ ಬಿಸಿಗೆ ಆಮ್ಲವೇ ಆ ಕೆಲಸ ಮುಂದುವರಿಸುತ್ತದೆ. ಸುಣ್ಣದ ತಿಳಿ ಹಾಕುವುದು ಇದಕ್ಕಾಗಿ. ತಾಜಾ ರಸದ ಪಿಎಚ್ 5.2ರಿಂದ 5.5ರ ಸುಮಾರು ಇರುತ್ತದೆ. ಅದನ್ನು 6ಕ್ಕೆ, ಹೆಚ್ಚೆಂದರೆ 6.4ಕ್ಕೆ ತನ್ನಿ. ಪಿಎಚ್ ಕಾಗದ ಅಗ್ಗ, ಕಣ್ಣಂದಾಜು ಬೇಡ. ಸುಣ್ಣ ಹೆಚ್ಚಾದರೆ ಒಡೆದ ಸಕ್ಕರೆ ಕೆಟ್ಟು ಬೆಲ್ಲ ಕಪ್ಪಾಗುತ್ತದೆ. ಗಟ್ಟಿ ಬೆಲ್ಲದ ಪೆಂಟೆಗೆ 118 ಡಿಗ್ರಿ ಹತ್ತಿರ ಇಳಿಸಿ. ರಸ ಆಗಲೇ ಕೆಟ್ಟಿದ್ದರೆ ಹೆಚ್ಚು ಕುದಿಸಿದಷ್ಟೂ ಹೆಚ್ಚು ಒಡೆಯುತ್ತದೆ. ಅಂಥ ರಸವನ್ನು 105ರಿಂದ 107 ಡಿಗ್ರಿಗೇ ಇಳಿಸಿ, ಗಟ್ಟಿಯಾಗದ ಜೋನಿಬೆಲ್ಲ ಮಾಡುವುದು ಲೇಸು. ಜೋನಿಬೆಲ್ಲ ಹರಳುಗಟ್ಟಬಾರದೆಂದು ಸಿಟ್ರಿಕ್ ಆಮ್ಲ ಹಾಕಿ ಸುಕ್ರೋಸನ್ನು ಬೇಕೆಂದೇ ಒಡೆಯುವುದು ರೂಢಿ.

ಒಂದೇ ತೋಟದ ಥಾಮ್ಸನ್ ಹಣ್ಣು, ಒಂದೇ ಶೆಡ್. ಕೆಲವು ಸಾಲು ಹಸಿರು-ಹಳದಿ ಒಣದ್ರಾಕ್ಷಿ, ಕೆಲವು ಕಂದು. ಏಕೆ? — ತಿಕೋಟಾದ ಬೆಳೆಗಾರರು

ದ್ರಾಕ್ಷಿಯ ಕೋಶದಲ್ಲಿ ಫೀನಾಲುಗಳು ರಸಕೋಶದಲ್ಲಿವೆ, ಅವನ್ನು ಕಂದು ಮಾಡುವ ಪಾಲಿಫೀನಾಲ್ ಆಕ್ಸಿಡೇಸ್ ಪ್ಲಾಸ್ಟಿಡ್ ಎಂಬ ಬೇರೆ ಪುಟ್ಟ ಚೀಲಗಳಲ್ಲಿದೆ. ಅದು ತಾಮ್ರ ಇರುವ ಕಿಣ್ವ. ಹಣ್ಣು ಜಜ್ಜಿದರೆ, ಬಿಸಿಲಿಗೆ ಬೆಂದರೆ ಇವು ಕೂಡುತ್ತವೆ, ಗಾಳಿಯ ಆಮ್ಲಜನಕ ಸಿಕ್ಕ ಕೂಡಲೇ ಬಣ್ಣ ತಿರುಗುತ್ತದೆ. ಒಣಗುವಾಗ ಕೋಶಗಳು ಹೇಗೂ ಒಡೆಯುತ್ತವೆ. ಆಗ ಉಳಿದಿರುವುದು ಓಟದ ಪ್ರಶ್ನೆ: ಕಿಣ್ವ ತನ್ನ ಕೆಲಸ ಮುಗಿಸುವ ಮೊದಲು ನೀರು ಹೋಗಬೇಕು. ನೀರು ತೀರ ಕಡಿಮೆಯಾಗಿ ಸಕ್ಕರೆ ಮಂದವಾದರೆ ಕಿಣ್ವ ನಿಧಾನವಾಗಿ ನಿಲ್ಲುತ್ತದೆ.

ಹಣ್ಣಿನ ಮೇಲಿನ ಮೇಣ ನೀರನ್ನು ತಡೆಯುತ್ತದೆ. ನೀವು ಲೀಟರ್ ನೀರಿಗೆ 25 ಗ್ರಾಂ ಪೊಟ್ಯಾಸಿಯಂ ಕಾರ್ಬೊನೇಟ್, 15 ಮಿಲಿ ಡಿಪ್ಪಿಂಗ್ ಆಯಿಲ್ ಹಾಕಿ ಅದ್ದುವುದು ಆ ಮೇಣದ ಪದರ ಸಡಿಲಿಸಲು. ಸಾಲು ಸಾಲಿಗೆ ವ್ಯತ್ಯಾಸ ಬಂದಿದೆ ಎಂದರೆ ಮೊದಲು ಅದ್ದಿದ ದ್ರಾವಣವನ್ನೇ ನೋಡಿ. ಒಂದೇ ದ್ರಾವಣದಲ್ಲಿ ಹೆಚ್ಚು ಕ್ರೇಟ್ ಅದ್ದಿದಾಗ ಹಣ್ಣಿನ ರಸ, ಮಣ್ಣು ಸೇರಿ ಅದರ ಕ್ಷಾರ ಇಳಿಯುತ್ತದೆ, ಎಣ್ಣೆ ಮೇಲೆ ತೇಲಿ ಬೇರೆಯಾಗುತ್ತದೆ; ಕೊನೆಯ ಕ್ರೇಟುಗಳ ಮೇಣ ಒಡೆಯುವುದೇ ಇಲ್ಲ. ನಂತರ ರ‍್ಯಾಕಿನ ಜಾಗ: ಬಿಸಿಲು ನೇರ ಬೀಳುವ ಹೊರ ಸಾಲು, ಗಾಳಿಯಾಡದ ನಡು ಸಾಲು, ಗೊಂಚಲು ದಪ್ಪಗೆ ಹಾಕಿದ ಕಡೆ, ಮೂರರಲ್ಲೂ ಕಂದು ಹೆಚ್ಚು. ಹಣ್ಣಿನ ಸಕ್ಕರೆ 22 ಬ್ರಿಕ್ಸ್‌ಗಿಂತ ಕಡಿಮೆ ಇರುವಾಗ ಕೊಯ್ದಿದ್ದರೆ ಹೋಗಬೇಕಾದ ನೀರು ಹೆಚ್ಚು, ಒಣಗುವ ದಿನವೂ ಹೆಚ್ಚು. ಗಂಧಕದ ಹೊಗೆ ಕಿಣ್ವವನ್ನು ತಡೆಯುತ್ತದೆ, ನಿಜ, ಆದರೆ ಆಗಲೇ ಪೂರ್ತಿ ಕಂದಾದ ಹಣ್ಣನ್ನು ಹಿಂದಿನ ಬಣ್ಣಕ್ಕೆ ತರುವುದಿಲ್ಲ. ಮಳೆ ಮೋಡ ಕಂಡರೆ ಶೆಡ್ಡಿನ ಪರದೆ ಇಳಿಸಿ, ಮಳೆ ನಿಂತ ಕೂಡಲೇ ಎತ್ತಿ ಫ್ಯಾನ್ ಹಾಕಿ. ತೇವಾಂಶ 15 ಪ್ರತಿಶತದ ಹತ್ತಿರ ಬಂದ ಮೇಲೆಯೇ ರ‍್ಯಾಕಿನಿಂದ ಉದುರಿಸಿ.